ಸೇವಾ ನಿರಾಕರಣೆ ದಾಳಿ ಮತ್ತು ಓವರ್‌ಲೇ ಜಾಲದ ರಕ್ಷಣೆ

ಒಂದು ಸರ್ವರಿಗೆ ಅಥವಾ ಅದನ್ನು ತಲುಪುವ ತಂತಿಗೆ ತಾಳಲಾರದಷ್ಟು ಕೋರಿಕೆಗಳನ್ನು ಕಳಿಸಿ, ನಿಜವಾದ ಬಳಕೆದಾರರಿಗೆ ಅದು ಸಿಗದಂತೆ ಮಾಡುವುದನ್ನು ಸೇವಾ ನಿರಾಕರಣೆ ದಾಳಿ ಎನ್ನುತ್ತಾರೆ. ಕೋರಿಕೆಗಳು ಒಂದೇ ಕಂಪ್ಯೂಟರಿನಿಂದ ಬರದೆ ಏಕಕಾಲಕ್ಕೆ ಸಾವಿರಾರು ಕಡೆಗಳಿಂದ ಬಂದರೆ ಅದಕ್ಕೆ ಡಿಡಾಸ್ ಎಂದು ಹೆಸರು. ಈ ದಾಳಿಯಲ್ಲಿ ಕಡತ ಕದಿಯುವುದಿಲ್ಲ, ಪಾಸ್‌ವರ್ಡ್ ಒಡೆಯುವುದಿಲ್ಲ. ಬಾಗಿಲಿಗೆ ಜನಜಂಗುಳಿ ತುಂಬಿಸಿ ಕೆಲಸವಿದ್ದವರು ಒಳಗೆ ಹೋಗದಂತೆ ಮಾಡುವುದಷ್ಟೇ ಉದ್ದೇಶ. ಓವರ್‌ಲೇ ಜಾಲ ಎಂಬುದು ಈಗಿರುವ ಇಂಟರ್ನೆಟ್ಟಿನ ಮೇಲೆಯೇ, ಅದರದೇ ಕೇಬಲ್ಲು ಮತ್ತು ರೂಟರುಗಳನ್ನು ಬಳಸಿಕೊಂಡು, ಬೇರೆ ದಾರಿ ಮತ್ತು ಬೇರೆ ನಿಯಮಗಳೊಂದಿಗೆ ಕಟ್ಟಿದ ಇನ್ನೊಂದು ಜಾಲ. ಇಂಟರ್ನೆಟ್ ಸೇವಾದಾತರು ಇಂಥ ಜಾಲವನ್ನು ಕಟ್ಟಿ ದಾಳಿಯ ದಟ್ಟಣೆಯನ್ನು ದಾರಿಯಲ್ಲೇ ಬೇರ್ಪಡಿಸುವ ಪದ್ಧತಿ 2000ದ ಸುಮಾರಿಗೆ ಪ್ರಯೋಗವಾಗಿ ಶುರುವಾಗಿ ಇಂದು ದೊಡ್ಡ ಉದ್ಯಮವಾಗಿದೆ. ಈ ಲೇಖನದ ವಾದವಿದು: ದಾಳಿಯನ್ನು ತಡೆಯುವ ಕೆಲಸ ಬಲಿಯಾದವನ ಬಾಗಿಲಲ್ಲಿ ಆಗುವಂಥದ್ದಲ್ಲ, ಅದು ಜಾಲದ ಮೇಲ್ಭಾಗದಲ್ಲೇ ಆಗಬೇಕು, ಅದಕ್ಕೆ ಓವರ್‌ಲೇ ಜಾಲವೇ ಸದ್ಯಕ್ಕೆ ಸಾಧ್ಯವಿರುವ ದಾರಿ, ಆದರೆ ಸೇವಾದಾತರು ತಮ್ಮ ರೂಟರುಗಳಲ್ಲಿ ಕಾವಲು ಹಾಕದಿದ್ದರೆ ಆ ಜಾಲ ಬರಿಯ ತೋರಿಕೆ.

ದಾಳಿಗಳ ಇತಿಹಾಸ ಸೇವಾದಾತರಿಂದಲೇ ಆರಂಭವಾಗುತ್ತದೆ. 1996ರ ಸೆಪ್ಟೆಂಬರಿನಲ್ಲಿ ನ್ಯೂಯಾರ್ಕಿನ ಹಳೆಯ ಸೇವಾದಾತ ಸಂಸ್ಥೆ ಪ್ಯಾನಿಕ್ಸ್ ದಿನಗಟ್ಟಲೆ ನಿಂತುಹೋಯಿತು. ಸಂಪರ್ಕ ತೆರೆಯುವ ಮೊದಲ ಸಂದೇಶವಾದ ಸಿನ್ ಪ್ಯಾಕೆಟ್ಟನ್ನು ಸುಳ್ಳು ವಿಳಾಸಗಳಿಂದ ಸತತವಾಗಿ ಕಳಿಸಿ, ಸರ್ವರು ಬಾರದ ಉತ್ತರಕ್ಕೆ ಕಾಯುತ್ತ ಕೂರುವಂತೆ ಮಾಡಿದ್ದರು. ಅದಕ್ಕೆ ಸರ್ವರಿನೊಳಗೇ ಮದ್ದು ಸಿಕ್ಕಿತು; ಸಿನ್ ಕುಕಿ ಎಂಬ ಉಪಾಯ ಹುಟ್ಟಿದ್ದು ಆಗಲೇ. ಮುಂದಿನ ತಲೆಮಾರಿನ ದಾಳಿಗಳು ಸರ್ವರಿನ ತನಕ ಬರುವ ಅಗತ್ಯವನ್ನೇ ಕಳಚಿಕೊಂಡವು. ತಂತಿಯನ್ನೇ ತುಂಬಿಸಿಬಿಟ್ಟರೆ ಸರ್ವರು ಎಷ್ಟು ಜಾಣನಾಗಿದ್ದರೇನು? 2016ರ ಅಕ್ಟೋಬರ್ 21ರಂದು ಮಿರಾಯ್ ಎಂಬ ಕುತಂತ್ರಾಂಶ ಸೋಂಕಿದ ಕ್ಯಾಮೆರಾ, ರೂಟರುಗಳ ದಂಡು ತಾಣದ ಹೆಸರನ್ನು ಅದರ ವಿಳಾಸಕ್ಕೆ ಜೋಡಿಸುವ ಡಿಎನ್‌ಎಸ್ ಸೇವೆ ಕೊಡುವ ಡಿನ್ ಸಂಸ್ಥೆಯ ಮೇಲೆ ಮುಗಿಬಿದ್ದಾಗ ಅಮೆರಿಕದ ಹಲವು ಹೆಸರಾಂತ ಜಾಲತಾಣಗಳು ಒಟ್ಟಿಗೆ ಕಾಣೆಯಾದವು. 2018ರ ಫೆಬ್ರುವರಿ 28ರಂದು ತಂತ್ರಾಂಶ ಬರೆಯುವವರ ತಾಣ ಗಿಟ್‌ಹಬ್ ಮೇಲೆ ಸೆಕೆಂಡಿಗೆ 1.35 ಟೆರಾಬಿಟ್ ದಟ್ಟಣೆ ಬಿತ್ತು. ಅದಕ್ಕೆ ಬಳಸಿದ್ದು ಮೆಮ್‌ಕ್ಯಾಶ್ಡ್ ಎಂಬ ಸರ್ವರುಗಳನ್ನು: ಚಿಕ್ಕದೊಂದು ಪ್ರಶ್ನೆಯನ್ನು ಬಲಿಯ ವಿಳಾಸದ ಹೆಸರಿನಲ್ಲಿ ಕೇಳಿದರೆ ಅದರ 51,000 ಪಟ್ಟಿನವರೆಗೂ ಉಬ್ಬಿದ ಉತ್ತರ ಬಲಿಯ ಮೇಲೆ ಬೀಳುತ್ತದೆ. 2025ರ ಮೇ ತಿಂಗಳಲ್ಲಿ ತಾನು ತಡೆದ ದಾಳಿಯೊಂದರ ಅಳತೆ ಸೆಕೆಂಡಿಗೆ 7.3 ಟೆರಾಬಿಟ್ ಎಂದು ಕ್ಲೌಡ್‌ಫ್ಲೇರ್ ಎಂಬ ರಕ್ಷಣಾ ಸಂಸ್ಥೆ ಪ್ರಕಟಿಸಿತು. ಇಡೀ ದಾಳಿ ನಡೆದದ್ದು 45 ಸೆಕೆಂಡು.

ಈ ಅಂಕಿಗಳ ಅರ್ಥ ತಿಳಿಯಬೇಕಾದರೆ ಜಾಲದ ಇನ್ನೊಂದು ತುದಿಯಲ್ಲಿ ನಿಂತು ನೋಡಬೇಕು. ವಿಜಯಪುರ ಜಿಲ್ಲೆಯ ಬಸವನ ಬಾಗೇವಾಡಿ ತಾಲ್ಲೂಕಿನ ಇಂಗಳೇಶ್ವರ, ಬಸವಣ್ಣನವರ ತಾಯಿ ಮಾದಲಾಂಬಿಕೆಯ ತವರೆಂದು ಹೆಸರಾದ ಊರು, ಅಂಥ ತುದಿಗಳಲ್ಲೊಂದು. 2011ರ ಅಕ್ಟೋಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ, ಮುಂದೆ ಭಾರತ್‌ನೆಟ್ ಎಂದು ಹೆಸರು ಬದಲಿಸಿಕೊಂಡ ಯೋಜನೆಯ ಮೊದಲ ಹಂತದಲ್ಲೇ ಕರ್ನಾಟಕ ಸೇರಿತ್ತು. ಆ ಯೋಜನೆಯ ವಿನ್ಯಾಸದಂತೆ ತಾಲ್ಲೂಕು ಕೇಂದ್ರದ ಎಕ್ಸ್‌ಚೇಂಜಿನಲ್ಲಿರುವ ಒಂದು ಉಪಕರಣದಿಂದ ಆಪ್ಟಿಕಲ್ ಫೈಬರ್ ಕವಲೊಡೆದು ಪ್ರತಿ ಗ್ರಾಮ ಪಂಚಾಯಿತಿಗೆ ಹೋಗುತ್ತದೆ. ಪಂಚಾಯಿತಿಗೆ ನಿಗದಿಯಾದ ವೇಗ ಸೆಕೆಂಡಿಗೆ 100 ಮೆಗಾಬಿಟ್. ಮೇಲೆ ಹೇಳಿದ 2025ರ ದಾಳಿ ಇಂಥ ಸಂಪರ್ಕದ 73,000 ಪಟ್ಟು. ಅಷ್ಟು ದೊಡ್ಡದೇ ಬೇಕೆಂದಿಲ್ಲ, ಅದರ ಸಾವಿರದಲ್ಲೊಂದು ಪಾಲು ಬಂದರೂ ತಾಲ್ಲೂಕಿನ ಎಕ್ಸ್‌ಚೇಂಜಿಗೆ ಬರುವ ದಾರಿಯೇ ಕಟ್ಟಿಕೊಂಡು ಅಕ್ಕಪಕ್ಕದ ಊರುಗಳೂ ಒಟ್ಟಿಗೆ ಕತ್ತಲಾಗುತ್ತವೆ. ಪಂಚಾಯಿತಿಯ ಕಚೇರಿಯಲ್ಲಿ ಎಷ್ಟು ಬೆಲೆಬಾಳುವ ಫೈರ್‌ವಾಲ್ ಇಟ್ಟರೂ ಪ್ರಯೋಜನವಿಲ್ಲ. ಅದು ಪ್ಯಾಕೆಟ್ಟುಗಳನ್ನು ತಿರಸ್ಕರಿಸುವ ಹೊತ್ತಿಗೆ ಅವು ತಂತಿಯನ್ನು ಬಳಸಿ ಮುಗಿಸಿರುತ್ತವೆ. ಕೃಷ್ಣೆಯ ನೆರೆಯನ್ನು ಆಲಮಟ್ಟಿಯ ಗೇಟುಗಳಲ್ಲಿ, ಅದಕ್ಕೂ ಮೇಲೆ ಕೊಯ್ನಾದಲ್ಲಿ ನಿಭಾಯಿಸುತ್ತಾರೆಯೇ ಹೊರತು ಹೊಳೆದಂಡೆಯ ಹೊಲದ ಒಡ್ಡಿನಲ್ಲಲ್ಲ.

ಹಾಗಾದರೆ ಮೇಲ್ಭಾಗದಲ್ಲಿರುವ ಸೇವಾದಾತ ಏನು ಮಾಡಬಲ್ಲ? ಅವನ ಕೈಯಲ್ಲಿರುವ ಅತಿ ಹಳೆಯ ಆಯುಧ ಬ್ಲ್ಯಾಕ್‌ಹೋಲ್. ದಾಳಿಗೀಡಾದ ಐಪಿ ವಿಳಾಸಕ್ಕೆ ಹೋಗುವ ಎಲ್ಲ ಪ್ಯಾಕೆಟ್ಟುಗಳನ್ನೂ ಗಡಿಯ ರೂಟರಿನಲ್ಲೇ ಎಸೆದುಬಿಡುವಂತೆ ಜಾಲಗಳು ಪರಸ್ಪರ ದಾರಿ ತಿಳಿಸುವ ಬಿಜಿಪಿ ಎಂಬ ನಿಯಮದ ಮೂಲಕ ಸೂಚನೆ ಹರಡುವ ಈ ಕ್ರಮವನ್ನು 2004ರ ಆರ್‌ಎಫ್‌ಸಿ 3882 ಎಂಬ ಇಂಟರ್ನೆಟ್ ತಾಂತ್ರಿಕ ದಾಖಲೆ ವಿವರಿಸಿತು. 2016ರ ಆರ್‌ಎಫ್‌ಸಿ 7999 ಅದಕ್ಕೆ ಎಲ್ಲ ಸೇವಾದಾತರೂ ಗುರುತಿಸುವ ಒಂದೇ ಸಂಕೇತವನ್ನು ಕೊಟ್ಟಿತು. ಅಗ್ಗದ, ಕ್ಷಣಾರ್ಧದಲ್ಲಿ ಆಗುವ ಕೆಲಸ. ಆದರೆ ಅದು ಒಳ್ಳೆಯ ಪ್ಯಾಕೆಟ್ಟನ್ನೂ ಕೆಟ್ಟದ್ದನ್ನೂ ಒಟ್ಟಿಗೆ ಎಸೆಯುತ್ತದೆ. ದಾಳಿಕೋರ ಬಯಸಿದ್ದೂ ಅದನ್ನೇ ತಾನೇ? ಅವನು ಅರ್ಧ ಮಾಡಿದ್ದನ್ನು ಸೇವಾದಾತನೇ ಪೂರ್ತಿ ಮಾಡಿಕೊಟ್ಟಂತಾಗುತ್ತದೆ. ನೆರೆಯ ಗ್ರಾಹಕರು ಉಳಿಯುತ್ತಾರೆ ಎಂಬುದೊಂದೇ ಅದರ ಸಮರ್ಥನೆ, ಮತ್ತು ಸಣ್ಣ ಸೇವಾದಾತನಿಗೆ ಆ ಸಮರ್ಥನೆ ಸಾಕಾಗುತ್ತದೆ ಎಂಬುದನ್ನೂ ಒಪ್ಪಬೇಕು. 2016ರ ಜುಲೈನಲ್ಲಿ ಮುಂಬೈಯ ಸಣ್ಣ ಸೇವಾದಾತರ ಮೇಲೆ ನಡೆದ ದಾಳಿ ಸೆಕೆಂಡಿಗೆ 200 ಗಿಗಾಬಿಟ್ ಮಟ್ಟದ್ದೆಂದು ಪೊಲೀಸರು ಹೇಳಿದ್ದರು. ಅಂಥ ಪ್ರಮಾಣದ ಎದುರು ಕೆಲವೇ ಗಿಗಾಬಿಟ್ ಬ್ಯಾಂಡ್‌ವಿಡ್ತ್ ಕೊಂಡು ಬಡಾವಣೆಗೆ ಹಂಚುವ ಸಂಸ್ಥೆಗೆ ಒಬ್ಬ ಗ್ರಾಹಕನನ್ನು ಬಲಿಕೊಟ್ಟು ಉಳಿದವರನ್ನು ಕಾಪಾಡುವುದಕ್ಕಿಂತ ಬೇರೆ ದಾರಿ ಕಾಣುವುದಿಲ್ಲ. ಒಳ್ಳೆಯದನ್ನೂ ಕೆಟ್ಟದ್ದನ್ನೂ ಬೇರ್ಪಡಿಸಬೇಕಾದರೆ ದಟ್ಟಣೆಯನ್ನು ಅದು ಸಾಮಾನ್ಯವಾಗಿ ಹೋಗುವ ದಾರಿಯಿಂದ ತಪ್ಪಿಸಿ, ಪರೀಕ್ಷೆ ಮಾಡಲು ಶಕ್ತಿಯಿರುವ ಜಾಗಕ್ಕೆ ಒಯ್ಯಬೇಕು. ಓವರ್‌ಲೇ ಜಾಲದ ಅಗತ್ಯ ಹುಟ್ಟುವುದು ಇಲ್ಲಿ.

ಸೇವಾದಾತರೇ ಈ ದಾರಿ ಹಿಡಿದ ಮೊದಲ ಸ್ಪಷ್ಟ ಪ್ರಯತ್ನಗಳಲ್ಲಿ ಯುಯುನೆಟ್ ಸಂಸ್ಥೆಯ ರಾಬರ್ಟ್ ಸ್ಟೋನ್ 2000ದಲ್ಲಿ ಪ್ರಕಟಿಸಿದ ಸೆಂಟರ್‌ಟ್ರ್ಯಾಕ್ ಒಂದು. ಆಗಿನ ಸಮಸ್ಯೆ ದಾಳಿ ಎಲ್ಲಿಂದ ಬರುತ್ತಿದೆ ಎಂಬುದನ್ನು ಕಂಡುಹಿಡಿಯುವುದು. ಕಳಿಸಿದವನ ವಿಳಾಸ ಸುಳ್ಳಾದ್ದರಿಂದ ಬಲಿಯ ಬಳಿಯ ರೂಟರಿನಿಂದ ಹಿಂದಕ್ಕೆ, ಒಂದೊಂದೇ ರೂಟರಿನಲ್ಲಿ ಲಾಗಿನ್ ಆಗಿ ಹುಡುಕಬೇಕಿತ್ತು. ಜಾಲದ ನಡುಭಾಗದ ಭಾರೀ ರೂಟರುಗಳಿಗೆ ಇಂಥ ಹುಡುಕಾಟ ನಡೆಸುವ ಪುರಸೊತ್ತೂ ಇರಲಿಲ್ಲ, ಸೌಕರ್ಯವೂ ಇರಲಿಲ್ಲ. ಸ್ಟೋನ್ ಸೂಚಿಸಿದ್ದು ಕೆಲವೇ ವಿಶೇಷ ರೂಟರುಗಳನ್ನು ನಿಲ್ಲಿಸಿ, ಗಡಿಯ ಪ್ರತಿ ರೂಟರಿನಿಂದ ಅವುಗಳಿಗೆ ಐಪಿ ಸುರಂಗಗಳನ್ನು ತೋಡುವುದು. ದಾಳಿಯ ವೇಳೆ ಬಲಿಯ ದಟ್ಟಣೆಯನ್ನು ಮಾತ್ರ ಈ ಸುರಂಗಗಳಿಗೆ ತಿರುಗಿಸಿದರೆ, ಪ್ಯಾಕೆಟ್ಟು ಯಾವ ಸುರಂಗದಿಂದ ಬಂತು ಎಂಬುದರಿಂದಲೇ ಅದು ಜಾಲಕ್ಕೆ ನುಗ್ಗಿದ ಬಾಗಿಲು ತಿಳಿಯುತ್ತದೆ. ಇಡೀ ಜಾಲವನ್ನು ಬದಲಿಸದೆ, ಅದರ ಮೇಲೊಂದು ತೆಳುವಾದ ಜಾಲ ಹೊದಿಸಿ ಹೊಸ ಸಾಮರ್ಥ್ಯ ಪಡೆಯಬಹುದೆಂಬ ಪಾಠ ಅಲ್ಲಿ ಸಿಕ್ಕಿತು. ಇಂಟರ್ನೆಟ್ಟಿನ ಮೂಲ ನಿಯಮಗಳನ್ನು ತಿದ್ದಲು ಜಗತ್ತಿನ ಸಾವಿರಾರು ಸೇವಾದಾತರು ಒಪ್ಪಬೇಕು. ಓವರ್‌ಲೇ ಕಟ್ಟಲು ಒಬ್ಬ ಸೇವಾದಾತ ಮನಸ್ಸು ಮಾಡಿದರೆ ಸಾಕು. ಈ ಬಗೆಯ ರಕ್ಷಣೆ ಉಳಿದು ಬೆಳೆದದ್ದಕ್ಕೆ ನಿಜವಾದ ಕಾರಣ ಇದೇ.

ಎರಡು ವರ್ಷದ ನಂತರ ಕೊಲಂಬಿಯಾ ವಿಶ್ವವಿದ್ಯಾಲಯದ ಏಂಜೆಲೋಸ್ ಕೆರೋಮೈಟಿಸ್, ವಿಶಾಲ್ ಮಿಶ್ರಾ ಮತ್ತು ಡಾನ್ ರೂಬೆನ್‌ಸ್ಟೈನ್ ಎಸ್‌ಒಎಸ್ ಎಂಬ ವಿನ್ಯಾಸವನ್ನು ಮಂಡಿಸಿದರು. ತುರ್ತು ಸಂದರ್ಭದಲ್ಲಿ ಪೊಲೀಸ್, ಅಗ್ನಿಶಾಮಕ ದಳದಂಥವರ ಸಂಪರ್ಕ ದಾಳಿಯ ನಡುವೆಯೂ ಉಳಿಯಬೇಕು ಎಂಬುದು ಅವರ ಗುರಿ. ಅದರ ನಡೆ ಹೀಗೆ: ಬಳಕೆದಾರ ಮೊದಲು ಪ್ರವೇಶ ಕೇಂದ್ರವೊಂದಕ್ಕೆ ಬಂದು ತನ್ನ ಗುರುತು ಸಾಬೀತುಪಡಿಸುತ್ತಾನೆ. ಇಂಥ ಕೇಂದ್ರಗಳು ಬೇಕಾದಷ್ಟಿರುವುದರಿಂದ ಒಂದನ್ನು ಕೆಡವಿದರೆ ಇನ್ನೊಂದಕ್ಕೆ ಹೋಗಬಹುದು. ಅಲ್ಲಿಂದ ಅವನ ಪ್ಯಾಕೆಟ್ಟು ಓವರ್‌ಲೇ ಒಳಗೆ ಹಲವು ನೋಡ್‌ಗಳನ್ನು, ಅಂದರೆ ನಡುವಣ ಕಂಪ್ಯೂಟರುಗಳನ್ನು, ದಾಟಿ, ಕೊನೆಗೆ ಗುಟ್ಟಾಗಿ ಆರಿಸಿದ ಒಂದು ನೋಡ್ ಮೂಲಕ ಸರ್ವರನ್ನು ಸೇರುತ್ತದೆ. ಸರ್ವರಿನ ಸುತ್ತಲಿನ ರೂಟರುಗಳು ಆ ಗುಟ್ಟಿನ ನೋಡ್‌ನಿಂದ ಬಂದದ್ದನ್ನು ಬಿಟ್ಟು ಬೇರೆಲ್ಲವನ್ನೂ ಎಸೆಯುತ್ತವೆ. ಆ ನೋಡ್ ಯಾವುದೆಂದು ದಾಳಿಕೋರನಿಗೆ ಗೊತ್ತಿಲ್ಲ. ಗೊತ್ತಾದರೂ ಅದನ್ನು ಬದಲಿಸಬಹುದು. 2003ರಲ್ಲಿ ಡೇವಿಡ್ ಆಂಡರ್ಸನ್ ಮಂಡಿಸಿದ ಮೇಡೇ ಇದೇ ವಿಚಾರವನ್ನು ಸಡಿಲಿಸಿ, ಎಷ್ಟು ಭದ್ರತೆಗೆ ಎಷ್ಟು ವಿಳಂಬವನ್ನು ಬೆಲೆಯಾಗಿ ತೆರಬಹುದು ಎಂಬ ಆಯ್ಕೆಗಳನ್ನು ಮುಂದಿಟ್ಟಿತು. ಹಲವು ನೋಡ್ ಸುತ್ತಿ ಬರುವ ಪ್ಯಾಕೆಟ್ಟು ನೇರ ದಾರಿಯದಕ್ಕಿಂತ ನಿಧಾನ, ಮತ್ತು ಮೊದಲೇ ಪರಿಚಯವಿರುವ ಬಳಕೆದಾರರಿಗಷ್ಟೇ ಎಸ್‌ಒಎಸ್ ಹೊಂದುತ್ತದೆ. ಯಾರು ಬೇಕಾದರೂ ಬರಬಹುದಾದ ಸರ್ಕಾರಿ ಜಾಲತಾಣಕ್ಕೆ ಅದನ್ನು ಇದ್ದಂತೆಯೇ ಬಳಸಲಾಗದು. ಈ ಕೊರತೆಗೆ ಅದೇ ಗುಂಪು ವೆಬ್‌ಎಸ್‌ಒಎಸ್‌ನಲ್ಲಿ ಉತ್ತರ ಹುಡುಕಿತು: ಪರಿಚಯ ಕೇಳುವ ಬದಲು, ಬಂದವನು ಮನುಷ್ಯನೇ ಎಂದು ಚಿತ್ರದಲ್ಲಿನ ಅಕ್ಷರ ಓದಿಸಿ ಪರೀಕ್ಷಿಸುವುದು. ಇಂದು ಕ್ಯಾಪ್ಚಾ ಎಂದು ಎಲ್ಲರನ್ನೂ ರೇಗಿಸುವ ವಸ್ತು ಆಗಲೇ ಓವರ್‌ಲೇ ರಕ್ಷಣೆಯ ಭಾಗವಾಗಿತ್ತು.

ಪ್ರಯೋಗಾಲಯದ ಈ ವಿನ್ಯಾಸಗಳು ಯಥಾವತ್ತಾಗಿ ಎಲ್ಲಿಯೂ ನೆಲೆಯೂರಲಿಲ್ಲ. ಬಳಕೆಗೆ ಬಂದದ್ದು ಅವುಗಳ ತಿರುಳು. 1998ರಲ್ಲಿ ಹುಟ್ಟಿದ ಅಕಮಾಯ್ ಜಗತ್ತಿನ ಸೇವಾದಾತರ ಕಟ್ಟಡಗಳಲ್ಲೇ ತನ್ನ ಸರ್ವರುಗಳನ್ನಿಟ್ಟು ಓವರ್‌ಲೇ ಕಟ್ಟಿತು. 2003ರಲ್ಲಿ ಶುರುವಾದ ಪ್ರೊಲೆಕ್ಸಿಕ್ ದಾಳಿಯ ದಟ್ಟಣೆಯನ್ನು ತೊಳೆದು ಕೊಡುವುದನ್ನೇ ವ್ಯಾಪಾರ ಮಾಡಿಕೊಂಡು ಮುಂದೆ ಅಕಮಾಯ್ ಪಾಲಾಯಿತು. ಈಗಿನ ಸಾಮಾನ್ಯ ಕ್ರಮ ಹೀಗಿದೆ. ದಾಳಿ ಗೊತ್ತಾದ ಕೂಡಲೇ ಬಲಿಯ ವಿಳಾಸಗಳ ಗುಂಪನ್ನು ದಟ್ಟಣೆ ಸೋಸುವ ಶುದ್ಧೀಕರಣ ಕೇಂದ್ರವೇ ಬಿಜಿಪಿಯಲ್ಲಿ ತನ್ನದೆಂದು ಸಾರುತ್ತದೆ. ಜಗತ್ತಿನ ದಟ್ಟಣೆ ಅತ್ತ ತಿರುಗುತ್ತದೆ. ಎನಿಕಾಸ್ಟ್ ಎಂಬ ಕ್ರಮದಲ್ಲಿ ಒಂದೇ ವಿಳಾಸವನ್ನು ನೂರಾರು ನಗರಗಳಿಂದ ಸಾರಿರುವುದರಿಂದ ಬ್ರೆಜಿಲ್‌ನ ಸೋಂಕಿದ ಸಾಧನಗಳ ದಟ್ಟಣೆ ಬ್ರೆಜಿಲ್‌ನಲ್ಲೇ, ವಿಯೆಟ್ನಾಂನದು ಅಲ್ಲೇ ಹತ್ತಿರ ಕರಗುತ್ತದೆ. ಹಂಚಿಕೆಯ ದಾಳಿಗೆ ಹಂಚಿಕೆಯ ಉತ್ತರ. ಸೋಸಿ ಉಳಿದದ್ದು ಜಿಆರ್‌ಇ ಎಂಬ ಬಗೆಯ ಸುರಂಗದಲ್ಲಿ ಮೂಲ ಸರ್ವರಿಗೆ ಮರಳುತ್ತದೆ. ಸುರಂಗದ ಹೊದಿಕೆ ಪ್ರತಿ ಪ್ಯಾಕೆಟ್ಟಿಗೂ 24 ಬೈಟ್ ಸೇರಿಸುವುದರಿಂದ 1500 ಬೈಟಿನ ಪ್ಯಾಕೆಟ್ಟು 1476ಕ್ಕೆ ಕುಗ್ಗಬೇಕು. ಚಿಕ್ಕ ವಿವರ, ಆದರೆ ಇದನ್ನು ಮೊದಲೇ ಹೊಂದಿಸದ ಸಂಸ್ಥೆಗಳು ದಾಳಿಯ ದಿನ ದೊಡ್ಡ ಪುಟಗಳು ಅರ್ಧಕ್ಕೇ ನಿಲ್ಲುವುದನ್ನು ಕಂಡು ಅದೂ ದಾಳಿಯೇ ಎಂದು ತಿಳಿಯುವುದುಂಟು. ಗಿಟ್‌ಹಬ್ 2018ರಲ್ಲಿ ತನ್ನ ದಟ್ಟಣೆಯನ್ನು ಅಕಮಾಯ್ ಕಡೆಗೆ ತಿರುಗಿಸಿದ್ದು ಇದೇ ಬಗೆಯಲ್ಲಿ. ಒಟ್ಟು ಹತ್ತು ನಿಮಿಷದಷ್ಟು ಅಡಚಣೆಯ ನಂತರ ಸೇವೆ ಮರಳಿತು. ದೊಡ್ಡ ಸೇವಾದಾತರು ತಮ್ಮ ಜಾಲದೊಳಗೇ ಇಂಥ ಕೇಂದ್ರಗಳನ್ನು ಇಟ್ಟುಕೊಂಡು, ಯಾವ ಬಗೆಯ ಪ್ಯಾಕೆಟ್ಟನ್ನು ಎಲ್ಲಿ ತಡೆಯಬೇಕೆಂಬ ನಿಯಮವನ್ನು ಫ್ಲೋಸ್ಪೆಕ್ ಎಂಬ ವಿಧಾನದ ಮೂಲಕ ಎಲ್ಲ ರೂಟರುಗಳಿಗೆ ಹಂಚುತ್ತಾರೆ.

ಕರ್ನಾಟಕದಲ್ಲಿ ಈ ಚರ್ಚೆಗೆ ಅತ್ಯಂತ ಹತ್ತಿರದ ಉದಾಹರಣೆ ನೋಂದಣಿ ಮತ್ತು ಮುದ್ರಾಂಕ ಇಲಾಖೆಯ ಕಾವೇರಿ 2.0. 2023ರಲ್ಲಿ ರಾಜ್ಯಾದ್ಯಂತ ಬಳಕೆಗೆ ಬಂದ ಈ ಜಾಲತಾಣ 2024ರ ಡಿಸೆಂಬರಿನಿಂದ 2025ರ ಫೆಬ್ರುವರಿಯವರೆಗೆ ಮತ್ತೆ ಮತ್ತೆ ಕುಂಟಿತು, ಕೆಲವು ದಿನ ಉಪನೋಂದಣಿ ಕಚೇರಿಗಳಲ್ಲಿ ಕೆಲಸವೇ ನಿಂತಂತಾಯಿತು. ಜನ ಎಂದಿನಂತೆ ಸರ್ವರ್ ಡೌನ್ ಎಂದುಕೊಂಡರು. ತನಿಖೆಯ ನಂತರ ಅಧಿಕಾರಿಗಳು ಇದು ಡಿಡಾಸ್ ದಾಳಿ ಎಂದು ಪೊಲೀಸರಿಗೆ ದೂರು ಕೊಟ್ಟರು. ಆಗ ವರದಿಯಾದ ವಿವರದಂತೆ 62 ನಕಲಿ ಖಾತೆಗಳನ್ನು ಬಳಸಿ, 14 ಐಪಿ ವಿಳಾಸಗಳಿಂದ, ಋಣಭಾರ ಪ್ರಮಾಣಪತ್ರದ ಹುಡುಕಾಟಕ್ಕೆ ಮನಬಂದ ಪದಗಳನ್ನು ತುಂಬಿ ಎರಡು ಗಂಟೆಯಲ್ಲಿ 6.2 ಲಕ್ಷ ಕೋರಿಕೆಗಳನ್ನು ಕಳಿಸಲಾಗಿತ್ತು. ಋಣಭಾರ ಪತ್ರ, ಎಲ್ಲರ ಬಾಯಲ್ಲಿ ಇಸಿ, ಇಲ್ಲದೆ ಹೊಲದ ಮೇಲೆ ಬ್ಯಾಂಕ್ ಸಾಲವಾಗಲಿ ಖರೀದಿಯಾಗಲಿ ಮುಂದೆ ಸಾಗದು. ಹೀಗಾಗಿ ಬೆಂಗಳೂರಿನಲ್ಲಿರುವ ಒಂದು ಸರ್ವರ್ ಕಟ್ಟಿಕೊಂಡರೆ ಇಂಗಳೇಶ್ವರದ ರೈತ ಬಸವನ ಬಾಗೇವಾಡಿಯ ಕಚೇರಿಯ ಮುಂದೆ ಕಾಯುತ್ತಾನೆ. ಅವನ ಊರಿನ ಫೈಬರಿಗೆ ಏನೂ ಆಗಿರುವುದಿಲ್ಲ.

ಓವರ್‌ಲೇ ಪರ ವಾದಕ್ಕೆ ಕಾವೇರಿ ಪ್ರಕರಣ ಒಂದು ಗಟ್ಟಿ ಆಕ್ಷೇಪವನ್ನೇ ಒಡ್ಡುತ್ತದೆ. ಎರಡು ಗಂಟೆಗೆ 6.2 ಲಕ್ಷವೆಂದರೆ ಸೆಕೆಂಡಿಗೆ ಸುಮಾರು 86. ಟೆರಾಬಿಟ್‌ಗಳ ಮಾತು ಹಾಗಿರಲಿ, ಇಷ್ಟನ್ನು ಒಂದು ಗ್ರಾಮ ಪಂಚಾಯಿತಿಯ ಸಂಪರ್ಕವೂ ಸಲೀಸಾಗಿ ಹೊತ್ತೀತು. ತುಂಬಿದ್ದು ತಂತಿಯಲ್ಲ, ದತ್ತಸಂಚಯದ ತಾಳ್ಮೆ. ಪ್ರತಿ ಹುಡುಕಾಟವೂ ಕೋಟ್ಯಂತರ ದಾಖಲೆಗಳನ್ನು ತಡಕಾಡಿಸುವಂತಿದ್ದರೆ ಕೆಲವೇ ಕೋರಿಕೆ ಸಾಕು. ಸೇವಾದಾತನ ಶುದ್ಧೀಕರಣ ಕೇಂದ್ರದ ಕಣ್ಣಿಗೆ ಈ ಕೋರಿಕೆಗಳು ಗೂಢಲಿಪಿಯಲ್ಲಿರುವ ಸಭ್ಯ ಸಂಪರ್ಕಗಳು. ತಡೆಯಲು ಕಾರಣವೇ ಕಾಣದು. ಹಾಗಿದ್ದ ಮೇಲೆ ಓವರ್‌ಲೇ ಏಕೆ, ತಂತ್ರಾಂಶವನ್ನೇ ಚೆನ್ನಾಗಿ ಬರೆದರೆ ಸಾಲದೇ ಎಂದು ಕೇಳಬಹುದು. ಅರ್ಧ ಸರಿ. ಖಾತೆಯೊಂದಕ್ಕೆ ಗಂಟೆಗೆ ಇಂತಿಷ್ಟೇ ಹುಡುಕಾಟ ಎಂಬ ಮಿತಿ, ಸೂಚಿಯಿಲ್ಲದ ಹುಡುಕಾಟಕ್ಕೆ ಅವಕಾಶವಿಲ್ಲದ ವಿನ್ಯಾಸ, ಖಾತೆ ತೆರೆಯುವಾಗಲೇ ಗುರುತಿನ ಪರಿಶೀಲನೆ ಇವು ತಂತ್ರಾಂಶದೊಳಗೇ ಇರಬೇಕು, ಯಾವ ಜಾಲವೂ ಅವುಗಳ ಬದಲಿಗೆ ನಿಲ್ಲದು. ಆದರೆ ಅದೇ ತಂತ್ರಾಂಶ ನಾಳೆ 14ರ ಬದಲು 14,000 ವಿಳಾಸಗಳನ್ನು ಎದುರಿಸಬೇಕಾದರೆ? ಒಬ್ಬೊಬ್ಬರಿಗೂ ನೀನು ಅರ್ಹನಲ್ಲ ಎಂದು ಹೇಳುವುದೇ ಸರ್ವರಿಗೆ ಹೊರೆಯಾಗುತ್ತದೆ. ಆ ತಿರಸ್ಕಾರದ ಕೆಲಸವನ್ನು ಮುಂದೆ, ಹಂಚಿ ನಿಂತ ನೋಡ್‌ಗಳಿಗೆ ವರ್ಗಾಯಿಸುವುದೇ ವೆಬ್‌ಎಸ್‌ಒಎಸ್‌ನ ಉಪಾಯ. ಸಣ್ಣ ದಾಳಿಗೆ ತಂತ್ರಾಂಶದ ಶಿಸ್ತು ಸಾಕು, ದೊಡ್ಡದಕ್ಕೆ ಓವರ್‌ಲೇ ಬೇಕು. ಯಾವುದು ಬರುತ್ತದೆಂದು ದಾಳಿಕೋರ ಮುಂಚಿತವಾಗಿ ತಿಳಿಸುವುದಿಲ್ಲ.

ಇನ್ನೊಂದು ಆಕ್ಷೇಪ ನಂಬಿಕೆಯದು, ಮತ್ತು ಇದನ್ನು ಹಗುರವಾಗಿ ತಳ್ಳಿಹಾಕಲಾಗದು. ಕೋರಿಕೆಯ ಒಳಗೆ ಏನಿದೆಯೆಂದು ನೋಡಿ ಸೋಸಬೇಕಾದರೆ ಓವರ್‌ಲೇ ನಡೆಸುವವನ ಕೈಗೆ ಗೂಢಲಿಪಿಯ ಕೀಲಿ ಕೊಡಬೇಕು. ಆಗ ಯಾರ ಹೊಲ ಯಾರಿಗೆ ಒತ್ತೆಯಾಗಿದೆ ಎಂಬ ಮಾಹಿತಿ ಒಂದು ಖಾಸಗಿ, ಬಹುಮಟ್ಟಿಗೆ ವಿದೇಶಿ, ಸಂಸ್ಥೆಯ ಯಂತ್ರದಲ್ಲಿ ತೆರೆದು ಮುಚ್ಚುತ್ತದೆ. ಅಲ್ಲದೆ ರಕ್ಷಕ ಕೈಬಿಟ್ಟರೆ ಗತಿಯೇನು? 2016ರ ಸೆಪ್ಟೆಂಬರಿನಲ್ಲಿ ಸೈಬರ್ ಅಪರಾಧಗಳ ಕುರಿತು ಬರೆಯುವ ಅಮೆರಿಕದ ಪತ್ರಕರ್ತ ಬ್ರಯನ್ ಕ್ರೆಬ್ಸ್ ಅವರ ತಾಣದ ಮೇಲೆ ಸೆಕೆಂಡಿಗೆ 620 ಗಿಗಾಬಿಟ್ ಮಟ್ಟದ ದಾಳಿಯಾದಾಗ, ಅದುವರೆಗೆ ಉಚಿತವಾಗಿ ಕಾಯುತ್ತಿದ್ದ ಅಕಮಾಯ್ ಖರ್ಚು ತಾಳಲಾರದೆ ಹಿಂದೆ ಸರಿಯಿತು. ಗೂಗಲ್‌ನ ಪ್ರಾಜೆಕ್ಟ್ ಶೀಲ್ಡ್ ಅಡಿಯಲ್ಲಿ ತಾಣ ಮತ್ತೆ ತೆರೆಯಿತು. ಒಬ್ಬ ಪತ್ರಕರ್ತನಿಗೆ ಆದದ್ದು ಒಂದು ಇಲಾಖೆಗೆ ಆಗಬಾರದೆಂದೇನೂ ಇಲ್ಲ. ಈ ಆಕ್ಷೇಪಕ್ಕೆ ಉತ್ತರ ಓವರ್‌ಲೇಯನ್ನೇ ಬಿಡುವುದಲ್ಲ, ಅದನ್ನು ಎರಡು ಸ್ತರವಾಗಿ ಒಡೆಯುವುದು. ತಂತಿ ತುಂಬಿಸುವ ದಾಳಿಯನ್ನು ಕೀಲಿ ಇಲ್ಲದೆಯೇ, ಪ್ಯಾಕೆಟ್ಟಿನ ತಲೆಬರಹ ನೋಡಿಯೇ ಸೋಸಬಹುದು. ಅದನ್ನು ಸೇವಾದಾತನಿಗೋ ಖಾಸಗಿ ಕೇಂದ್ರಕ್ಕೋ ಒಪ್ಪಿಸಲು ಅಡ್ಡಿಯಿಲ್ಲ. ಒಳಗಿನ ಕೋರಿಕೆಯನ್ನು ತೆರೆದು ನೋಡುವ ಸ್ತರ ಮಾತ್ರ ರಾಜ್ಯದ ದತ್ತಾಂಶ ಕೇಂದ್ರದ ಹತೋಟಿಯಲ್ಲೇ ಇರಬೇಕು. ರಾಜ್ಯಕ್ಕೆ ತಾಲ್ಲೂಕು ಕಚೇರಿಗಳವರೆಗೆ ಹಬ್ಬಿದ ಕೆಸ್ವಾನ್ ಎಂಬ ಸ್ವಂತ ಜಾಲವಿದೆ. ದಾಳಿಯ ದಿನ ಸಾರ್ವಜನಿಕ ದ್ವಾರ ಮುಚ್ಚಿಕೊಂಡರೂ ಉಪನೋಂದಣಾಧಿಕಾರಿ ಬೇರೆಯದೇ ದಾರಿಯಲ್ಲಿ ಸರ್ವರ್ ತಲುಪುವಂತೆ ಮಾಡಿದರೆ ಅದು ಎಸ್‌ಒಎಸ್ ಕಲ್ಪಿಸಿದ ಪರಿಚಿತ ಬಳಕೆದಾರರ ಓವರ್‌ಲೇಯೇ ಆಗುತ್ತದೆ, ಹೊಸದಾಗಿ ಕಟ್ಟುವ ಖರ್ಚೂ ಇಲ್ಲ.

ಈಗ ವಾದದ ಗಂಟಿಗೆ ಬರಬಹುದು. ಹಲವು ಓವರ್‌ಲೇಗಳ ಪ್ರಾಣ ಇರುವುದು ಒಂದು ಗುಟ್ಟಿನಲ್ಲಿ: ಮೂಲ ಸರ್ವರಿನ ನಿಜವಾದ ಐಪಿ ವಿಳಾಸ. ಅದು ದಾಳಿಕೋರನಿಗೆ ತಿಳಿದರೆ ಅವನು ಶುದ್ಧೀಕರಣ ಕೇಂದ್ರದ ಗೊಡವೆಗೇ ಹೋಗದೆ ನೇರವಾಗಿ ಹೊಡೆಯುತ್ತಾನೆ. ತಿಳಿಯುವುದು ಕಷ್ಟವೂ ಅಲ್ಲ. ಹಳೆಯ ಡಿಎನ್‌ಎಸ್ ದಾಖಲೆಗಳಲ್ಲಿ, ಸರ್ವರ್ ಕಳಿಸುವ ಇಮೇಲಿನ ತಲೆಬರಹದಲ್ಲಿ, ಪರೀಕ್ಷೆಗೆಂದು ತೆರೆದು ಮರೆತ ಉಪಡೊಮೈನ್‌ನಲ್ಲಿ ಅದು ಸೋರಿರುತ್ತದೆ. ಆದ್ದರಿಂದ ಎಸ್‌ಒಎಸ್ ಮತ್ತು ಮೇಡೇ ಎರಡೂ ಸರ್ವರಿನ ಸುತ್ತ ಫಿಲ್ಟರುಗಳ ಕೋಟೆಯನ್ನು ಕಡ್ಡಾಯ ಮಾಡಿದವು, ಮತ್ತು ಆ ಕೋಟೆ ಸರ್ವರಿಗೆ ಅಂಟಿಕೊಂಡಿರದೆ ಸೇವಾದಾತನ ಶಕ್ತಿಯುತ ರೂಟರುಗಳಲ್ಲಿ, ತಂತಿ ಕಿರಿದಾಗುವುದಕ್ಕೆ ಮೊದಲು ಇರಬೇಕೆಂದವು. ಓವರ್‌ಲೇಯಿಂದ ಬಂದದ್ದಕ್ಕೆ ಮಾತ್ರ ದಾರಿ, ಉಳಿದದ್ದಕ್ಕೆ ಇಲ್ಲ. ಈ ಎರಡು ಸಾಲಿನ ನಿಯಮವನ್ನು ಕ್ಲೌಡ್ ಸಂಸ್ಥೆ ಹಾಕಲಾರದು, ಇಲಾಖೆಯ ತಂತ್ರಜ್ಞ ಹಾಕಿದರೆ ತಡವಾಗುತ್ತದೆ. ಸಂಪರ್ಕ ಕೊಟ್ಟ ಸೇವಾದಾತನೇ ಹಾಕಬೇಕು. ಕ್ಲೌಡ್ ರಕ್ಷಣೆಗೆ ಹಣ ಕಟ್ಟಿ ಈ ನಿಯಮ ಹಾಕಿಸದಿದ್ದರೆ ಕಟ್ಟಿದ ಹಣದ ಬಹುಪಾಲು ನಷ್ಟವೆಂದೇ ಲೆಕ್ಕ.

ದಾಳಿ ಹುಟ್ಟುವಲ್ಲೇ ಚಿವುಟಿದರೆ ಇಷ್ಟೆಲ್ಲ ಏಕೆ ಎಂಬ ಪ್ರಶ್ನೆಯೂ ಇದೆ. ತನ್ನ ಗ್ರಾಹಕನದಲ್ಲದ ವಿಳಾಸ ಹೊತ್ತ ಪ್ಯಾಕೆಟ್ಟನ್ನು ಸೇವಾದಾತ ಹೊರಗೆ ಬಿಡಬಾರದು ಎಂಬ ನಿಯಮ 2000ದ ಮೇ ತಿಂಗಳಲ್ಲೇ ಆರ್‌ಎಫ್‌ಸಿ 2827 ಆಗಿ ಬಂತು. ಎಲ್ಲರೂ ಪಾಲಿಸಿದ್ದರೆ ಮೆಮ್‌ಕ್ಯಾಶ್ಡ್ ಮಾದರಿಯ ಪ್ರತಿಫಲನ ದಾಳಿಗಳು ನಡೆಯುತ್ತಲೇ ಇರಲಿಲ್ಲ. ಪಾಲಿಸದ ಸೇವಾದಾತರು ಇಂದಿಗೂ ಇದ್ದಾರೆ, ಕಾರಣ ಸರಳ: ಫಿಲ್ಟರ್ ಹಾಕುವ ಖರ್ಚು ತನ್ನದು, ಲಾಭ ದೂರದ ಇನ್ನಾರದೋ. ಸಾಧನಗಳ ಕಥೆಯೂ ಹೀಗೆಯೇ. 2017ರ ಜುಲೈ ಕೊನೆಯಲ್ಲಿ ಕರ್ನಾಟಕದಲ್ಲಿ ಬಿಎಸ್‌ಎನ್‌ಎಲ್ ಬ್ರಾಡ್‌ಬ್ಯಾಂಡ್‌ನ ಸಾವಿರಾರು ಮೋಡೆಮ್‌ಗಳು ಕುತಂತ್ರಾಂಶಕ್ಕೆ ಸಿಕ್ಕು ಕೆಲಸ ನಿಲ್ಲಿಸಿದವು. ಕಾರ್ಖಾನೆಯಿಂದ ಬಂದಾಗಿನ ಅಡ್ಮಿನ್ ಎಂಬ ಪಾಸ್‌ವರ್ಡನ್ನು ಯಾರೂ ಬದಲಿಸಿರಲಿಲ್ಲ. ಆ ಕುತಂತ್ರಾಂಶ ಮೋಡೆಮ್ಮನ್ನು ಕೆಡಿಸಿತು, ಅದರಿಂದ ಗ್ರಾಹಕನಿಗೆ ಗೊತ್ತಾಯಿತು. ಮಿರಾಯ್‌ನಂಥದ್ದು ಹೊಕ್ಕಿದ್ದರೆ ಮೋಡೆಮ್ ಎಂದಿನಂತೆ ಮಿಣುಕುತ್ತಲೇ ಪರರ ಮೇಲಿನ ದಾಳಿಗೆ ಕೈಜೋಡಿಸುತ್ತಿತ್ತು. ಹಳ್ಳಿಯ ಸಂಪರ್ಕವೂ ಹೀಗೆ ದಾಳಿಯ ಬಲಿಯಾಗಬಹುದು, ದಾಳಿಯ ಕಾಲಾಳೂ ಆಗಬಹುದು. ಮೂಲದಲ್ಲಿ ಚಿವುಟುವ ಕೆಲಸ ಬಿಡಬಾರದು ನಿಜ. ಆದರೆ ಇಪ್ಪತ್ತೈದು ವರ್ಷದಲ್ಲಿ ಮುಗಿಯದ ಸುಧಾರಣೆಯನ್ನು ನಂಬಿ ಇಂದಿನ ರಕ್ಷಣೆಯನ್ನು ಮುಂದೂಡುವುದು ವಿವೇಕವಲ್ಲ.

ವಿಳಾಸ ನೋಡಿ ತಡೆಯುವುದಕ್ಕೂ ನಮ್ಮಲ್ಲಿ ಒಂದು ಮಿತಿಯಿದೆ. ಐಪಿವಿ4 ವಿಳಾಸಗಳ ಕೊರತೆಯಿಂದ ನಮ್ಮ ಮೊಬೈಲ್ ಸಂಸ್ಥೆಗಳೂ ಹಲವು ಕೇಬಲ್ ಸೇವಾದಾತರೂ ನೂರಾರು ಮನೆಗಳನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಕೂರಿಸುತ್ತಾರೆ. ಕಾವೇರಿಯ 14 ವಿಳಾಸಗಳಂಥವನ್ನು ಕಣ್ಣುಮುಚ್ಚಿ ನಿರ್ಬಂಧಿಸಿದರೆ ಅವುಗಳ ಹಿಂದೆ ಎಷ್ಟು ನಿರಪರಾಧಿಗಳಿದ್ದಾರೋ ಹೇಳಲಾಗದು. ಆ ವಿಳಾಸದ ಒಳಗೆ ಯಾವ ಮನೆ ಎಂಬುದು ಸೇವಾದಾತನಿಗಷ್ಟೇ ಗೊತ್ತು. ಇದು ಕೂಡ ಸೇವಾದಾತನಿಲ್ಲದ ರಕ್ಷಣೆ ಕುರುಡು ಎಂಬುದಕ್ಕೆ ಸಾಕ್ಷಿ.

ಸಣ್ಣ ಸೇವಾದಾತ ಇದನ್ನೆಲ್ಲ ಎಲ್ಲಿಂದ ತರಬೇಕು ಎಂಬುದು ಉಳಿದ ಆಕ್ಷೇಪ. ಒಬ್ಬೊಬ್ಬನೂ ಶುದ್ಧೀಕರಣ ಕೇಂದ್ರ ಕಟ್ಟಲಾರ, ಕಟ್ಟಬೇಕಾಗಿಯೂ ಇಲ್ಲ. 2003ರಲ್ಲಿ ಸ್ಥಾಪನೆಯಾದ ನಿಕ್ಸಿ ದೇಶದ ಸೇವಾದಾತರು ಪರಸ್ಪರ ದಟ್ಟಣೆ ಬದಲಿಸಿಕೊಳ್ಳುವ ಕೇಂದ್ರಗಳನ್ನು ಬೆಂಗಳೂರು ಸೇರಿ ಹಲವು ಕಡೆ ನಡೆಸುತ್ತದೆ. ಹಂಚಿಕೊಂಡ ಶುದ್ಧೀಕರಣಕ್ಕೆ ಅಂಥ ಜಾಗಕ್ಕಿಂತ ಸಹಜವಾದದ್ದು ಇನ್ನೊಂದಿಲ್ಲ. ದಾಳಿಗೀಡಾದವನು ಮೇಲಿನ ಜಾಲಕ್ಕೆ ಯಂತ್ರದ ಮೂಲಕವೇ ಸಹಾಯ ಕೇಳುವ ಡಾಟ್ಸ್ ಎಂಬ ಸಾಮಾನ್ಯ ಭಾಷೆಯೂ 2020ರಿಂದ ಸಿದ್ಧವಿದೆ. 2023ರ ಆಗಸ್ಟಿನಲ್ಲಿ ಕೇಂದ್ರ ಸಂಪುಟ ಒಪ್ಪಿದ, ಸುಮಾರು 1.39 ಲಕ್ಷ ಕೋಟಿ ರೂಪಾಯಿಯ ಪರಿಷ್ಕೃತ ಭಾರತ್‌ನೆಟ್ ಕಾರ್ಯಕ್ರಮ ಪಂಚಾಯಿತಿಗಳನ್ನು ಮರದ ಕೊಂಬೆಯಂತೆ ಒಂದೇ ದಾರಿಗೆ ತೂಗುಹಾಕದೆ ಉಂಗುರದಾಕಾರದಲ್ಲಿ ಬೆಸೆಯಲಿದೆ. ಜೆಸಿಬಿ ಅಗೆದು ಫೈಬರ್ ತುಂಡಾದರೆ ಉಂಗುರ ಕಾಪಾಡುತ್ತದೆ, ದಾಳಿಯಾದರೆ ಇಲ್ಲ. ಎರಡು ದಾರಿಯನ್ನೂ ತುಂಬಿಸುವಷ್ಟು ದಟ್ಟಣೆ ದಾಳಿಕೋರನ ಬಳಿ ಇದ್ದೇ ಇರುತ್ತದೆ. ಉಂಗುರಕ್ಕೆ ಖರ್ಚಾಗುವ ಹಣದ ಸಣ್ಣ ಪಾಲು ಅದರ ಮೇಲ್ತುದಿಯ ಫಿಲ್ಟರಿಗೂ ಸಲ್ಲಬೇಕು.

ಕಾನೂನು ದಾಳಿಯ ನಂತರದ ಮಾತನ್ನಷ್ಟೇ ಆಡುತ್ತದೆ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ದ 43ನೇ ಸೆಕ್ಷನ್ ಅಧಿಕೃತ ಬಳಕೆದಾರನಿಗೆ ಪ್ರವೇಶ ತಪ್ಪಿಸುವುದನ್ನು ತಪ್ಪೆನ್ನುತ್ತದೆ, 66ನೇ ಸೆಕ್ಷನ್ ಅದಕ್ಕೆ ಮೂರು ವರ್ಷದವರೆಗೆ ಸೆರೆ ಅಥವಾ ಐದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ಕೇಂದ್ರ ಸರ್ಕಾರದ ಸೈಬರ್ ತುರ್ತು ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ 28ರ ನಿರ್ದೇಶನದಂತೆ ಸೇವಾ ನಿರಾಕರಣೆ ದಾಳಿ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು. ದಾಳಿಗೆ ಮೊದಲಿನ ರಕ್ಷಣೆಗಾದರೆ, ಸಾರ್ವಜನಿಕ ಸೇವೆಯ ಸರ್ವರಿಗೆ ಸಂಪರ್ಕ ಕೊಡುವ ಸೇವಾದಾತ ಓವರ್‌ಲೇಯಿಂದಲ್ಲದೆ ಬಂದ ದಟ್ಟಣೆಯನ್ನು ತನ್ನ ಗಡಿಯಲ್ಲೇ ತಡೆಯಬೇಕು ಎಂಬ ಷರತ್ತನ್ನು ಇಲಾಖೆಗಳು ತಮ್ಮ ಟೆಂಡರಿನಲ್ಲೇ ಬರೆಯಬಹುದು; ಅದಕ್ಕೆ ಹೊಸ ಕಾಯ್ದೆ ಬೇಕಾಗಿಲ್ಲ.